ಐದು ನುಡಿಯಷ್ಟು ಬಿಸಿನೀರು

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಪ್ರಾರ್ಥನಾಲಯದ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ದೊಡ್ಡ ಪಾತ್ರೆಯ ನೀರು ಕುದಿಯುವುದಕ್ಕೆ ಬಂದಿದೆ. ಉದ್ದನೆಯ ಸಿಮೆಂಟ್ ಕಟ್ಟೆ, ಅದರ ಕೆಳಗೆ ಸಾಲಾಗಿ ನಾಲ್ಕು ಬೋಗುಣಿ. ಗಿಡ್ಡ ಮಣೆಯ ಮೇಲೆ ಕೂತ ಹೆಂಗಸು ಬಿಸಿನೀರಿಗೆ ತಣ್ಣೀರು ಬೆರೆಸಿ, ಒಂದೊಂದು ಬೋಗುಣಿಗೂ ಮೊಣಕೈ ಅದ್ದಿ ನೋಡುತ್ತಿದ್ದಾರೆ. ಬೆರಳಲ್ಲಿ ನೋಡಿದರಾಗದೇ ಎಂದು ಕೇಳುತ್ತೇನೆ. "ಈ ಬೆರಳುಗಳು ಬಿಸಿ ತಿಂದು ತಿಂದು ಹದ ಕೆಟ್ಟಿವೆ. ಇವನ್ನ ನಂಬಿದ್ರೆ ಯಾರದಾದ್ರೂ ಕಾಲು ಬೆಂದುಹೋಗುತ್ತೆ. ಬೆಂದಿದ್ದು ಅವರಿಗೆ ಗೊತ್ತೂ ಆಗಲ್ಲ" ಎನ್ನುತ್ತಾರೆ.

ಗೊತ್ತಾಗದಿರುವುದೇ ಈ ಶೆಡ್ಡಿಗೆ ಬರುವವರ ಕಾಯಿಲೆ. ಕುಷ್ಠ ವಾಸಿಯಾಗಿ ಎಷ್ಟೋ ವರ್ಷ ಕಳೆದರೂ ಪಾದದ ಸ್ಪರ್ಶ ಮರಳದವರು ಕೆಲವರು, ಸಕ್ಕರೆ ಕಾಯಿಲೆಯಿಂದ ಕಾಲು ಮರಗಟ್ಟಿದವರು ಹಲವರು. ಗಾಜು ಚುಚ್ಚಿದರೂ ಇವರಿಗೆ ನೋವಿಲ್ಲ. ನೋವಿಲ್ಲದ್ದರಿಂದ ಅದರ ಮೇಲೇ ನಡೆಯುತ್ತಾರೆ, ಗಾಯ ಹುಣ್ಣಾಗುತ್ತದೆ, ಹುಣ್ಣು ಮೂಳೆಯವರೆಗೆ ಇಳಿಯುತ್ತದೆ. ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಜನ. ಅವರ ಪಾದ ತೊಳೆದು, ಸತ್ತ ಚರ್ಮ ಕೆತ್ತಿ, ಔಷಧಿ ಹಚ್ಚಿ ಪಟ್ಟಿ ಕಟ್ಟುವುದು ಈ ಹೆಂಗಸಿನ ಕೆಲಸ. ಎಲ್ಲರ ಬಾಯಲ್ಲೂ ಅವರು ಬೋಗುಣಿಯಕ್ಕ. ಅಕ್ಕನಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅವರು ಅಕ್ಕನೇ.

ಕಟ್ಟೆಯ ತುದಿಯಲ್ಲಿ ಇವತ್ತು ಒಬ್ಬರು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಾರೆ. ಮೊಣಕಾಲಿನ ಕೆಳಗೆ ಎಡಗಾಲಿಲ್ಲ. ಉಳಿದ ಬಲಗಾಲಿಗೆ ದಪ್ಪ ಪಟ್ಟಿ. ಇವರು ಅಕ್ಕನ ಗಂಡ, ಇಲ್ಲಿನ ರೋಗಿಗಳಿಗೆ ಚಪ್ಪಲಿ ಹೊಲಿದುಕೊಡುವವರು. ದೊಡ್ಡಾಸ್ಪತ್ರೆಯ ಡಾಕ್ಟರು ವಾರಕ್ಕೊಮ್ಮೆ ಇಲ್ಲಿಗೆ ಬರುತ್ತಾರೆ, ಇವತ್ತು ಬರುವ ದಿನ. ಈ ಇನ್ನೊಂದು ಕಾಲು ಉಳಿಯುತ್ತದೋ ಇಲ್ಲವೋ ಎಂದು ಅವರು ಇವತ್ತು ಹೇಳಲಿದ್ದಾರೆ.

ನನ್ನನ್ನು ಇಲ್ಲಿಗೆ ಕಳಿಸಿದವರು ಭಾನುವಾರದ ಪುರವಣಿಗೆ ಹಿತವಾದ ಬರಹ ಬೇಕು, ಓದಿದವರ ಮನಸ್ಸು ಹಗುರಾಗಬೇಕು ಎಂದಿದ್ದರು. ಅವರೇ ಬಂದು ಅರ್ಧ ಗಂಟೆ ಇಲ್ಲಿ ಕೂತಿದ್ದರೆ ಚೆನ್ನಾಗಿತ್ತು. ಒಳಗೆ ಬಂದಾಗಿನಿಂದ ನಾನು ವಾಸನೆ ತಾಳದೆ ಬಾಯಲ್ಲೇ ಉಸಿರಾಡುತ್ತಿದ್ದೇನೆ. ಅಕ್ಕ ನೋಡಿಯೂ ನೋಡದ ಹಾಗೆ ಕಿಟಕಿಯ ಪಕ್ಕದ ಸ್ಟೂಲನ್ನು ತೋರಿಸುತ್ತಾರೆ.

ಮೊದಲು ಗಂಡನ ಕಾಲು. ಅವರು ಕೈಗಡಿಯಾರ ಬಿಚ್ಚಿ, ಹೆಂಡತಿಗೆ ಕಾಣುವ ಹಾಗೆ ಕಟ್ಟೆಯ ಮೇಲಿಡುತ್ತಾರೆ. ಅಕ್ಕ ಪಾದವನ್ನು ನೀರಿಗಿಳಿಸಿ, ಕೈ ಕಟ್ಟಿಕೊಂಡು ಗಡಿಯಾರದ ಮುಳ್ಳನ್ನೇ ನೋಡುತ್ತಾ ಕೂರುತ್ತಾರೆ. ಉಳಿದವರು ಬಾಗಿಲಲ್ಲೇ ಕಾಯುತ್ತಾರೆ. ಮುಳ್ಳು ಬರಬೇಕಾದಲ್ಲಿಗೆ ಬಂದ ಮೇಲೆ ಪಾದ ಎತ್ತಿ ಒರೆಸಿ, ಡಾಕ್ಟರಿಗೆ ಕಾಣಲೆಂದು ಬರೀ ತೆಳ್ಳನೆಯ ಬಟ್ಟೆ ಮುಚ್ಚಿ ಬಿಡುತ್ತಾರೆ. ಗಂಡ ಗಡಿಯಾರ ಕಟ್ಟಿಕೊಂಡು, ಅರ್ಧ ಹೊಲಿದ ಚಪ್ಪಲಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ದಾರ ಎಳೆಯತೊಡಗುತ್ತಾರೆ.

ಆಮೇಲೆ ಮಿಕ್ಕವರು ಒಳಬರುತ್ತಾರೆ. ನಿವೃತ್ತ ಬಸ್ ಡ್ರೈವರು, ಟೈಲರಮ್ಮ, ಶಾಲೆಯ ಮೇಷ್ಟ್ರು, ಮತ್ತೊಬ್ಬರು ಕೂರುತ್ತಾರೆ. ಒಂದೊಂದು ಪಾದ ನೀರಿಗಿಳಿಸುವಾಗಲೂ ಅಕ್ಕ ಒಂದೇ ಮಾತು ಹೇಳುತ್ತಾರೆ: "ಇವತ್ತಿನ ಕಾಲು ಇವತ್ತು ತೊಳೆಯೋಣ. ನಾಳೆದು ದೇವರಿಗೆ ಬಿಡಿ." ಡ್ರೈವರು ಸುಮ್ಮನಿರುವ ಜಾತಿಯಲ್ಲ. "ನಾಳೇನೂ ನೀವೇ ತೊಳೀತೀರಲ್ಲಕ್ಕ, ದೇವ್ರು ಎಲ್ಲಿ ಬಂದ?" "ನನ್ನನ್ನ ಬೆಳಿಗ್ಗೆ ಎಬ್ಬಿಸೋನು ಯಾರಣ್ಣ? ನೀವಾ?" ಎಂದು ಅಕ್ಕ ಅವರ ಹಿಮ್ಮಡಿಗೊಂದು ಮೆಲ್ಲನೆ ಏಟು ಕೊಡುತ್ತಾರೆ. ಡ್ರೈವರಿಗೆ ಏಟು ಬಿದ್ದದ್ದು ಕಣ್ಣಿಗಷ್ಟೇ ಗೊತ್ತಾಗುತ್ತದೆ. ನಗುತ್ತಾರೆ.

ನಾಲ್ಕು ಬೋಗುಣಿಯೂ ತುಂಬಿದ ಮೇಲೆ ಅಕ್ಕ ಹಾಡುತ್ತಾರೆ. ಇದು ಭಜನೆಯ ಹೊತ್ತಲ್ಲ, ಕೆಲಸದ ಒಂದು ಭಾಗ. ಅವರು ಹುಡುಗಿಯಾಗಿ ಕೆಲಸಕ್ಕೆ ಸೇರಿದಾಗ ಇಲ್ಲಿ ಗಡಿಯಾರ ಇರಲಿಲ್ಲ. ಆಗಿನ ದೊಡ್ಡ ಸಿಸ್ಟರ್ ತಾವೇ ಕಟ್ಟಿದ ಒಂದು ಸ್ತುತಿಯ ಹಾಡು ಕಲಿಸಿ, ಇದು ಮುಗಿಯುವವರೆಗೆ ಕಾಲು ನೆನೆಯಲಿ ಎಂದಿದ್ದರಂತೆ. ಐದು ನುಡಿಯ ಹಾಡು. ನಂಬುತ್ತೇನೆ ಎನ್ನುವುದು ಮೊದಲನೆಯದು, ಕೈಯಲ್ಲಾದಷ್ಟು ಸೇವೆ ಮಾಡುತ್ತೇನೆ ಎನ್ನುವುದು ಎರಡನೆಯದು. ಮೂರನೆಯದು ಕತ್ತಲೆಯ ಭಯದ್ದು. ನಾಲ್ಕನೆಯದರಲ್ಲಿ, ಕೊಟ್ಟದ್ದಕ್ಕೂ ಕೊಡದೆ ಉಳಿಸಿಕೊಂಡದ್ದಕ್ಕೂ ದೇವರಿಗೆ ವಂದನೆ. ಐದನೆಯದು ಬೆಳಗಾಯಿತು, ಏಳು ಎನ್ನುವುದು. ಬೇಗ ಎತ್ತಿದರೆ ಚರ್ಮ ಗಟ್ಟಿಯಾಗಿದ್ದು, ಕೆತ್ತುವಾಗ ಸೀಳಿ ರಕ್ತ ಬರುತ್ತದೆ. ತಡವಾದರೆ ಒಳ್ಳೆಯ ಚರ್ಮವೂ ಬಿಳಿಚಿಕೊಂಡು ಕಿತ್ತು ಬರುತ್ತದೆ. ಐದು ನುಡಿ ನಿಧಾನವಾಗಿ ಹಾಡಿದರೆ ಹದ ಸರಿಯಾಗಿರುತ್ತದೆ. ಈಗ ಗೋಡೆಯಲ್ಲಿ ಗಡಿಯಾರ ಬಂದಿದೆ, ಯಾರೂ ಅದರ ಕಡೆ ನೋಡುವುದಿಲ್ಲ.

ಒಂದೇ ಹಾಡು, ಬೆಳಿಗ್ಗೆಯೊಂದರಲ್ಲೇ ಆರು ಸಲ. ಬೇಜಾರಾಗುವುದಿಲ್ಲವೇ?

"ಆಗುತ್ತೆ. ದಿನಾ ಪಾತ್ರೆ ತೊಳೆಯೋಕೂ ಬೇಜಾರೇ ಅಲ್ವಾ" ಎನ್ನುತ್ತಾರೆ ಅಕ್ಕ, ಟೈಲರಮ್ಮನ ಪಾದವನ್ನು ಮಡಿಲಿಗೆ ತೆಗೆದುಕೊಳ್ಳುತ್ತಾ. "ಒಂದ್ಸಲ ಪಾದ್ರಿಗಳು ಪ್ರಸಂಗದಲ್ಲಿ ನನ್ನ ವಿಷಯ ಎತ್ತಿದ್ರು. ಯೇಸಪ್ಪ ಶಿಷ್ಯರ ಕಾಲು ತೊಳೆದ ಹಾಗೆ ತೊಳೀತಾಳೆ ಅಂತ. ನಾನು ನಾಚಿಕೆಯಾಗಿ ನೆಲ ನೋಡ್ತಾ ಕೂತೆ. ಆತ ಪ್ರೀತಿಗೆ ತೊಳೆದಿದ್ದು. ನಂಗೆ ಸಂಬಳ ಕೊಡ್ತಾರೆ. ಅದೂ ಅಲ್ದೆ ಒಂದೊಂದು ದಿನ ನಾನು ಮನಸ್ಸಲ್ಲೇ ಬೈಕೊಂಡು ತೊಳೀತೀನಿ."

ಅಕ್ಕ ಹುಟ್ಟಿದ್ದು ಕುಷ್ಠರೋಗಿಗಳಿಗೆಂದು ಕಟ್ಟಿದ ಇದೇ ಆವರಣದಲ್ಲಿ. ತಾಯಿಗೆ ಕುಷ್ಠ ಬಂದು ಮನೆಯವರು ತಂದು ಬಿಟ್ಟುಹೋದಾಗ ಅಕ್ಕ ಹೊಟ್ಟೆಯಲ್ಲಿದ್ದರು. ಶಾಲೆಯಲ್ಲಿ ಮೈಕೈ ಸರಿಯಿದ್ದ ಹುಡುಗಿಯನ್ನೂ ಬೇರೆ ಬೆಂಚಿನಲ್ಲಿ ಕೂರಿಸುತ್ತಿದ್ದರು. ಹೊರಗಿನಿಂದ ಗಂಡು ಕೇಳಿಕೊಂಡು ಬರುವ ಮಾತೇ ಇರಲಿಲ್ಲ. ಇದೇ ಆವರಣದ ಇನ್ನೊಬ್ಬ ರೋಗಿಯ ಮಗ ಚಪ್ಪಲಿ ಕೆಲಸ ಕಲಿತು ಬಂದು ಕೇಳಿದ, ಮದುವೆಯಾಯಿತು. ಮಕ್ಕಳಾಗಲಿಲ್ಲ. ಅವನು ಹೊಲಿದ, ಇವಳು ತೊಳೆದಳು. ಜೀವನ ಹೀಗೇ ಸಾಗಿತು.

ಅಕ್ಕನ ಗಂಡನನ್ನು ಎಲ್ಲರೂ ಕರೆಯುವುದು ಚಪ್ಪಲಿಯಣ್ಣ ಎಂದು. ಅವರ ಚಪ್ಪಲಿಗೆ ಒಂದು ಕಟ್ಟುನಿಟ್ಟಿದೆ: ಮೊಳೆ ಹೊಡೆಯುವಂತಿಲ್ಲ. ಅಂಟು, ಹೊಲಿಗೆ, ಅಷ್ಟೇ. ಮೊಳೆ ಮೇಲೆದ್ದರೆ ಮರಗಟ್ಟಿದ ಕಾಲಿಗೆ ತಿಳಿಯುವುದಿಲ್ಲ. ಹೊರಗಿನ ಅಂಗಡಿಯ ಚಪ್ಪಲಿ ಮೆಟ್ಟಿಕೊಂಡು ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ, ಮೊಳೆ ಇದೆಯೇ ಎಂದು ತಿರುಗಿಸಿ ನೋಡುತ್ತಿದ್ದ ಮನುಷ್ಯ. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದುದೂ ಅವರೇ. ಅವರಿಗೂ ಸಕ್ಕರೆ ಇತ್ತು. ತಮ್ಮ ಹಳೆಯ ಚಪ್ಪಲಿಯ ಹಿಮ್ಮಡಿ ಬಿಟ್ಟುಕೊಂಡಾಗ, ಭಾನುವಾರದವರೆಗೆ ತಡೆಯಲಿ ಎಂದು ಎರಡು ಮೊಳೆ ಹೊಡೆದುಕೊಂಡರು. ತಮ್ಮ ಕಾಲು ಯಾವಾಗ ಮರಗಟ್ಟಿತೋ ಅವರಿಗೆ ಗೊತ್ತಿರಲಿಲ್ಲ.

"ಕಾಲುಚೀಲದಲ್ಲಿ ರಕ್ತ ನೋಡಿದೆ" ಎನ್ನುತ್ತಾರೆ ಅವರು, ದಾರದಿಂದ ಕಣ್ಣೆತ್ತದೆ. "ಊರಿಗೆಲ್ಲ ಬುದ್ಧಿ ಹೇಳೋನು ನಾನು. ಈ ಕಟ್ಟೆ ಮೇಲೆ ಯಾವ ಮುಖ ಇಟ್ಕೊಂಡು ಕೂರಲಿ? ನಾನೇ ಔಷಧಿ ಹಚ್ಕೊಂಡೆ. ವಾಸಿಯಾಗುತ್ತೆ ಅಂದ್ಕೊಂಡೆ."

ಮುಂದಿನದನ್ನು ಅಕ್ಕ ಹೇಳುತ್ತಾರೆ. ಹೇಳುವಾಗ ಕೈ ನಿಲ್ಲಿಸುತ್ತಾರೆ. ಇಡೀ ಬೆಳಿಗ್ಗೆಯಲ್ಲಿ ಮಾತಿಗೆಂದು ಅವರ ಕೈ ನಿಂತದ್ದು ಅದೊಂದೇ ಸಲ.

"ಮನೇಲಿ ವಾಸನೆ ಬರ್ತಿತ್ತು. ಕೊಳೆತ ಕಾಲಿನ ವಾಸನೆ. ನಂಗೆ ಅದು ಗೊತ್ತಿಲ್ದೆ ಇರುತ್ತಾ? ಆದ್ರೆ ಅದು ನಂದೇ ಅಂದ್ಕೊಂಡೆ. ಇಲ್ಲಿಂದ ನನ್ನ ಮೈಗೆ, ಬಟ್ಟೆಗೆ ಅಂಟಿಕೊಂಡು ಬಂದಿದೆ ಅಂತ. ದಿನಾ ಎರಡೆರಡು ಸಲ ಸ್ನಾನ ಮಾಡಿದೆ. ಬಟ್ಟೆ ಕುದಿಸಿದೆ. ಹೋಗ್ಲಿಲ್ಲ. ಪಾಪ ಇವರು ಇಷ್ಟು ವರ್ಷ ಈ ವಾಸನೆ ಜೊತೆ ಮಲಗಿದಾರಲ್ಲ ಅಂತ ಅವರ ಮೇಲೆ ಕನಿಕರ ಪಟ್ಟೆ. ಪಕ್ಕದಲ್ಲೇ ಮಲಗಿದ್ರು. ಹೊದಿಕೆ ಎತ್ತಿ ನೋಡಲಿಲ್ಲ."

ಟೈಲರಮ್ಮ ಬೇರೆ ಕಡೆ ನೋಡುತ್ತಾರೆ. ಸಾವಿರಾರು ಕಾಲಿನ ವಾಸನೆ ಹಿಡಿದು ಜೀವ ಉಳಿಸಿದ ಮೂಗು, ಸ್ವಂತ ಮನೆಯಲ್ಲಿ ಹೀಗೆ ಕೈಕೊಟ್ಟಿತು. ದೇವರ ಮೇಲೆ ನನಗೇ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಎಡಗಾಲು ಹೋಯಿತು. ಅಂದಿನಿಂದ ಚಪ್ಪಲಿಯಣ್ಣ ಪ್ರಾರ್ಥನಾಲಯದ ಮೆಟ್ಟಿಲು ಹತ್ತಿಲ್ಲ. ಊರುಗೋಲಿನ ನೆಪ ಹೇಳುತ್ತಾರೆ. ಬಲಗಾಲಿಗೂ ಹುಣ್ಣಾಗಿ ಈ ಕಟ್ಟೆಗೆ ಬರಲೇಬೇಕಾದಾಗ ಅವರು ಹೆಂಡತಿಗೆ ಹಾಕಿದ್ದು ಒಂದೇ ಷರತ್ತು: "ನಂಗೆ ಹಾಡು ಬೇಡ. ಗಡಿಯಾರ ನೋಡಿ ನೆನೆಸು."

ಹಾಗಾದರೆ ಅಕ್ಕ? ಅವರು ಹೇಗೆ ಹಾಡಿದರು?

"ಇವರ ಎಡಗಾಲು ತೆಗೆಸಿ ಆಸ್ಪತ್ರೆಯಿಂದ ಬಂದ ಮಾರನೇ ದಿನ ಇಲ್ಲಿ ಕೂತೆ. ಸ್ತುತಿ ಮಾಡೋ ಮನಸ್ಸು ಚೂರೂ ಇರ್ಲಿಲ್ಲ. ಆದ್ರೆ ನಾಲ್ಕು ಜನದ ಕಾಲು ನೀರಲ್ಲಿತ್ತಲ್ಲ. ಹಾಡದಿದ್ರೆ ಎತ್ತೋದು ಯಾವಾಗ? ಹಾಡಿದೆ. ದೇವರಿಗೆ ಅಂತ ಹಾಡಲಿಲ್ಲ, ಕಾಲಿಗೆ ಅಂತ ಹಾಡಿದೆ. ಆತ ಬೇಕಾದ್ರೆ ತಗೊಳ್ಳಲಿ ಅಂದ್ಕೊಂಡೆ. ತಗೊಂಡ ಅನ್ಸುತ್ತೆ. ಆರೇಳು ತಿಂಗಳಾದ ಮೇಲೆ ಯಾವತ್ತೋ ಒಂದು ದಿನ ಮತ್ತೆ ಆತನಿಗೇ ಹಾಡ್ತಾ ಇದ್ದೆ. ಯಾವತ್ತು ಅಂತ ಗೊತ್ತಾಗಲಿಲ್ಲ."

ನಾಲ್ಕು ನಾಲ್ಕು ಜನರ ಐದು ಸಾಲು ಮುಗಿದು, ಕೊನೆಯ ನಾಲ್ವರು ಕೂರುವ ಹೊತ್ತಿಗೆ ಡಾಕ್ಟರು ಬರುತ್ತಾರೆ. ವಯಸ್ಸಾದವರು, ಮೆದು ಮಾತಿನವರು. ನೇರವಾಗಿ ಚಪ್ಪಲಿಯಣ್ಣನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಟ್ಟೆ ಸರಿಸಿ, ತೆಳ್ಳಗಿನ ಸ್ಟೀಲಿನ ಕಡ್ಡಿಯನ್ನು ಹುಣ್ಣಿನೊಳಗೆ ಇಳಿಸುತ್ತಾರೆ. ಕಡ್ಡಿ ಒಂದು ಕಡೆ ನಿಲ್ಲುತ್ತದೆ. ಅದು ಏನಕ್ಕೆ ತಾಗಿತೆಂದು ಕಟ್ಟೆಯ ಮೇಲಿರುವ ಪ್ರತಿಯೊಬ್ಬರಿಗೂ ಗೊತ್ತು.

"ಮೂಳೆಗೆ ಹೋಗಿದೆ ಅಣ್ಣ. ಬಿಟ್ರೆ ಮೇಲಕ್ಕೆ ಏರುತ್ತೆ. ಮುಂದಿನ ವಾರ ತೆಗೆದುಬಿಡೋಣ."

"ಮೊಣಕಾಲು ಉಳಿಯುತ್ತಾ?"

"ಪ್ರಯತ್ನ ಮಾಡ್ತೀನಿ."

"ಕೈಗೇನೂ ಬರಲ್ಲ ತಾನೆ?" ಎಂದು ಚಪ್ಪಲಿಯಣ್ಣ ತೊಡೆಯ ಮೇಲಿನ ಚಪ್ಪಲಿ ತೋರಿಸುತ್ತಾರೆ. "ಇದು ಟೈಲರಮ್ಮಂದು. ಇನ್ನೂ ಒಂದು ಪಟ್ಟಿ ಬಾಕಿ ಇದೆ." ಡಾಕ್ಟರು ಅವರ ಭುಜದ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟು ಎದ್ದುಹೋಗುತ್ತಾರೆ.

ಅಕ್ಕ ಮಣೆ ಬಿಟ್ಟು ಏಳುವುದಿಲ್ಲ, ಅಳುವುದೂ ಇಲ್ಲ. ಬೋಗುಣಿಗೆ ಮೊಣಕೈ ಅದ್ದುತ್ತಾರೆ. ಕೊನೆಯ ಸಾಲಿನಲ್ಲಿ ಮಾರುಕಟ್ಟೆಯ ಹಮಾಲಿಯೊಬ್ಬರಿದ್ದಾರೆ, ಇಲ್ಲಿಗೆ ಇದೇ ಮೊದಲು. ಕಣ್ಣಮುಂದೆ ನಡೆದದ್ದು ನೋಡಿ ಅವರ ಮುಖ ಬಣ್ಣ ಕಳೆದುಕೊಂಡಿದೆ. ಅಕ್ಕ ಅವರ ಪಾದ ನೀರಿಗಿಳಿಸುತ್ತಾರೆ. "ಇವತ್ತಿನ ಕಾಲು ಇವತ್ತು ತೊಳೆಯೋಣ ಅಣ್ಣ" ಎನ್ನುತ್ತಾರೆ. ಬೋಗುಣಿಯನ್ನು ಕಟ್ಟೆಯ ಹತ್ತಿರಕ್ಕೆ ಎಳೆದ ಮೇಲೆ ಮಿಕ್ಕ ಅರ್ಧ ಮಾತು ಬರುತ್ತದೆ. "ನಾಳೆದು ದೇವರಿಗೆ ಬಿಡಿ."

ಹಾಡು ಶುರುವಾಗುತ್ತದೆ. ಮೊದಲನೆಯದು, ಎರಡನೆಯದು, ಮೂರನೆಯದು. ಬೆಳಿಗ್ಗೆಯಿಂದ ಕೇಳಿ ಕೇಳಿ ನನಗೂ ಬಾಯಿಗೆ ಬಂದಿದೆ. ಮೂರನೆಯದು ಮುಗಿದ ಮೇಲೆ ಅಕ್ಕ ಉಸಿರೆಳೆದುಕೊಂಡು, ಬೆಳಗಾಯಿತು ಏಳು ಎನ್ನುವ ಐದನೆಯದಕ್ಕೆ ಹೋಗುತ್ತಾರೆ. ಅದನ್ನು ಹಾಡಿ ಮುಗಿಸಿ, ಹಮಾಲಿಯ ಪಾದವನ್ನು ನೀರಿನಿಂದ ಎತ್ತಿ ಚಾಕು ಕೈಗೆತ್ತಿಕೊಳ್ಳುತ್ತಾರೆ.

"ನಾಲ್ಕನೇದು ಬಿಟ್ಟೆ."

ಕಟ್ಟೆಯ ತುದಿಯಿಂದ ಬಂದ ಮಾತು. ಚಪ್ಪಲಿಯಣ್ಣ ತಲೆಯೆತ್ತಿಲ್ಲ, ದಾರ ಎಳೆಯುತ್ತಲೇ ಇದ್ದಾರೆ.

"ನಾಲ್ಕನೇದು ಬಿಟ್ಟೆ ಕಣೆ. ಅವರ ಕಾಲು ಇನ್ನೂ ನೆಂದಿಲ್ಲ. ಈಗ ಕೆತ್ತಿದ್ರೆ ರಕ್ತ ಬರುತ್ತೆ."

ಅಕ್ಕ ಚಾಕು ಕೆಳಗಿಡುತ್ತಾರೆ. ಪಾದವನ್ನು ಮತ್ತೆ ನೀರಿಗಿಳಿಸಿ, ಕೊಟ್ಟದ್ದಕ್ಕೂ ಕೊಡದೆ ಉಳಿಸಿಕೊಂಡದ್ದಕ್ಕೂ ವಂದನೆ ಹೇಳುವ ನಾಲ್ಕನೆಯ ನುಡಿಯನ್ನು ಹಾಡುತ್ತಾರೆ. ದನಿ ಚೆನ್ನಾಗಿಲ್ಲ. ಎರಡು ಕಡೆ ಒಡೆಯುತ್ತದೆ. ಆದರೂ ಅವಸರ ಮಾಡದೆ, ಎಷ್ಟು ನಿಧಾನವಾಗಿ ಹಾಡಬೇಕೋ ಅಷ್ಟೇ ನಿಧಾನವಾಗಿ ಹಾಡಿ ಮುಗಿಸುತ್ತಾರೆ. ಆಮೇಲೆ ಪಾದ ಎತ್ತಿ ಕೆತ್ತುತ್ತಾರೆ. ರಕ್ತ ಬರುವುದಿಲ್ಲ.

ಬೋಗುಣಿಗಳನ್ನು ತೊಳೆದು ಬೋರಲು ಹಾಕಿದ ಮೇಲೆ ನಾನು ಹೊರಡುತ್ತೇನೆ. ಇಂಥ ಬರಹದ ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ, ನಿಮಗೇನು ಆಸೆ ಎನ್ನುವುದು. ಅದನ್ನು ಕೇಳುವ ಧೈರ್ಯ ನನಗಾಗುವುದಿಲ್ಲ. ಅಕ್ಕ ತಾವಾಗಿಯೇ ಬಾಗಿಲವರೆಗೆ ಬಂದು, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಒಳಗೆ ಚಪ್ಪಲಿ ಹೊಲಿಯುತ್ತಿರುವವರ ಕಡೆ ನೋಡುತ್ತಾರೆ.

"ಹಾಡು ಬೇಡ ಅಂದೋರು" ಎನ್ನುತ್ತಾರೆ ಮೆಲ್ಲಗೆ, "ಇಷ್ಟು ದಿನ ನುಡಿ ಎಣಿಸ್ತಾ ಕೂತಿದ್ರು, ನೋಡಿ."