ಮಾವ ತೆಗೆದ ಎರಡು ದನಿ

ಪ್ರಿನ್ಸಿಪಾಲರ ಕೆಮ್ಮು, ಡೇರಿಯವನ ಸೀನು, ಜಗಳಕ್ಕೆ ನಿಂತ ನಮ್ಮವ್ವ, ಯಾರ ದನಿ ಬೇಕಾದರೂ ತೆಗೆಯುತ್ತೇನೆ. ನಿನ್ನದು ಯಾವುದೋ ಎಂದರೆ ಮಾತ್ರ ತಡಕಾಡಬೇಕು. ಈ ವಿದ್ಯೆ ಬಂದದ್ದು ಅಜ್ಜೀಪುರದ ಸೋದರಮಾವನಿಂದ.

ಕಾಡಿನಲ್ಲಿದ್ದ ಕಳ್ಳನಿಗೆ ಅಕ್ಕಿ ಕೊಟ್ಟರೆಂದು ಪೊಲೀಸರು ಈ ಮಾವನನ್ನೂ ಅವನ ಅಣ್ಣನನ್ನೂ, ಅಂದರೆ ನನ್ನ ದೊಡ್ಡ ಮಾವನನ್ನೂ, ಎತ್ತಿಕೊಂಡು ಹೋಗಿದ್ದರು. ಮಾವ ಕುಂಟುತ್ತ ಬಂದ. ಅಣ್ಣ ಬರಲಿಲ್ಲ. ತಪ್ಪಿಸಿಕೊಂಡು ಕಳ್ಳನ ಜೊತೆ ಸೇರಿದ ಎಂದರು ಪೊಲೀಸರು, ಊರೂ ನಂಬಿತು. ಇದನ್ನು ಮಾವ ಅತ್ತು ಹೇಳಿದ್ದು ನಾನು ಕಾಣೆ. ಹಬ್ಬದೂಟ ಮುಗಿದ ಮೇಲೆ ಅವನು ಪೊಲೀಸ್ ಸಾಹೇಬನಾಗುತ್ತಿದ್ದ. "ಯಾವ ಕಾಲಲ್ಲಿ ಕಾಡಿಗೆ ಹೋದೆ? ಬಲಗಾಲಾ? ಸರಿ, ಎಡಗಾಲು ಪಾಪದ್ದು, ಅದನ್ನ ಮುಟ್ಟಬೇಡ್ರಯ್ಯ." ನಾವೆಲ್ಲ ಬಿದ್ದುಬಿದ್ದು ನಗುತ್ತಿದ್ದೆವು. ಕುಂಟುವುದು ಬಲಗಾಲೇ.

ಹೋದ ವರ್ಷ ಕೊಳ್ಳೇಗಾಲದಲ್ಲಿ ದಕ್ಷಿಣ ಆಫ್ರಿಕಾದ ಕಥೆಗಳ ಬಗ್ಗೆ ಸಭೆಯಿತ್ತು. ಬಿಳಿಯರ ಸರ್ಕಾರ ಹೋದ ಮೇಲೆ ಅಲ್ಲಿ ಪೊಲೀಸರ ಕೈಲಿ ನೊಂದವರನ್ನು ಎಲ್ಲರೆದುರು ಕೂರಿಸಿ, ಏನಾಯಿತು ಹೇಳಿ ಎಂದು ಕೇಳಿದರಂತೆ ಎಂದು ಊಟಕ್ಕೆ ಕೂತಿದ್ದ ಮಾವನಿಗೆ ಹೇಳಿದೆ. ಮಾವ ತಟ್ಟೆಯಿಂದ ಕೈ ತೆಗೆದ.

"ನಾನೂ ಬತ್ತೀನಿ ಕಣ್ಲಾ. ನಮ್ಮಣ್ಣ ಓಡೋಗ್ನಿಲ್ಲ, ನನ್ ಎದ್ರುಗೇ ಸತ್ತ ಅಂತ ನಾಕ್ ಜನದ್ ಮುಂದೆ ಒಂದ್ಸಲ ಏಳ್ಬೇಕು."

ಸಭೆಯಲ್ಲಿ, ಅದನ್ನು ಏರ್ಪಡಿಸಿದ್ದ ನಮ್ಮ ಕಾಲೇಜಿನ ಮೇಷ್ಟ್ರು ಒಂದು ಕಥೆ ಓದಿದರು: ಮಗನಿಗಾಗಿ ಠಾಣೆಯ ಬಾಗಿಲಲ್ಲಿ ಕೂತ ತಾಯಿ. ಮುಂದಿನ ಸಾಲಿನ ರೇಷ್ಮೆ ಸೀರೆಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡವು. ಆಮೇಲೆ, ನಾನು ಮೊದಲೇ ಕೇಳಿಕೊಂಡಿದ್ದಂತೆ ಅವರು ಕರೆದಾಗ, ಮಾವ ಮೈಕಿನ ಮುಂದೆ ನಿಂತ. ಸ್ವಂತ ದನಿಯಲ್ಲಿ ಶುರುಮಾಡಿದವನು ಎರಡು ಮಾತಿಗೇ ಅದನ್ನು ಬಿಟ್ಟ. ಗೊತ್ತಿದ್ದ ದಾರಿ ಹಿಡಿದ, ಸಾಹೇಬನಾದ. ಬಲಗಾಲು, ಎಡಗಾಲು. ಕಣ್ಣೊರೆಸಿಕೊಂಡವರು ನಕ್ಕರು. ಚಪ್ಪಾಳೆಯೂ ಬಿತ್ತು. ಆಗ ಅವನು ಮನೆಯಲ್ಲಿ ಎಂದೂ ತೆಗೆಯದ ಇನ್ನೊಂದು ದನಿ ತೆಗೆದ. ನೀರು ಕೇಳುತ್ತಿತ್ತು ಅದು. ಬರಬರುತ್ತ ಸಣ್ಣಗಾಗಿ, ನಾಯಿಮರಿಯ ಹಾಗೆ ಕುಂಯ್‌ಗುಟ್ಟಿ ನಿಂತುಹೋಯಿತು.

ಸಭೆ ಇನ್ನೂ ಜೋರಾಗಿ ನಕ್ಕಿತು. ಹಿಂದಿನಿಂದ ಯಾರೋ ಒನ್ಸ್ ಮೋರ್ ಎಂದ. ಮಾವ ನನ್ನತ್ತ ಒಮ್ಮೆ ನೋಡಿ, ಕೇಳಿದವರಿಗೆ ಇಲ್ಲವೆನ್ನಲಾರದೆ, ಅಣ್ಣನನ್ನು ಇನ್ನೊಂದು ಸಲ ಸಾಯಿಸಿ ತೋರಿಸಿದ. ಮೇಷ್ಟ್ರು ಶಾಲು ಹೊದಿಸಿ ಅವನ ಹಾಸ್ಯಪ್ರಜ್ಞೆಯನ್ನು ಮೆಚ್ಚಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಶಾಲನ್ನು ತೊಡೆಯ ಮೇಲೆ ಮಡಿಚುತ್ತ ಕೂತಿದ್ದ.

"ನಗ್ಲಿ ಬುಡು. ಅಣ್ಣನ್ ದನಿ ಸರ್ಯಾಗ್ ಬಂತೇನ್ಲಾ?"

ಬಂತು ಮಾವ, ಎಂದೆ. ದೊಡ್ಡ ಮಾವ ಸತ್ತಾಗ ನಾನು ಹುಟ್ಟೇ ಇರಲಿಲ್ಲ.