ಲಾಭ, ಎರಡು, ಮೂರು

ವಾಸು ಮಾಸ್ಟ್ರು ಅಂದರೆ ನನಗೆ ಮೊದಲು ನೆನಪಾಗುವುದು ಅವರ ಹೆಗಲ ಮೇಲಿನ ಬೈರಾಸಿನ ವಾಸನೆ: ಇಂಗು, ಬೆವರು, ಹುಣಸೆ. ಅದರಿಂದಲೇ ನಮ್ಮ ಕಣ್ಣು ಕಟ್ಟಿ, ಮಡಿಲಿಗೆ ಹುಣಸೆಬೀಜ ಸುರಿದು ಎಣಿಸಲು ಹೇಳುತ್ತಿದ್ದರು. “ಕಣ್ಣು ಕಳ್ಳ ಮಗಾ, ಬೆರಳು ಸಾಕ್ಷಿ.” ಅವರ ಶಿಕ್ಷಣಶಾಸ್ತ್ರವೆಲ್ಲ ಇಷ್ಟೇ.

ಉಡುಪಿ ಕಡೆಯವರು. ಮಾಟುಂಗದ ಹೋಟೆಲೊಂದರ ಉಗ್ರಾಣದಲ್ಲಿ ಇಪ್ಪತ್ತು ವರ್ಷ ಅಕ್ಕಿ ಅಳೆದು, ದೃಷ್ಟಿ ಮಂಜಾದ ಮೇಲೆ ನಮ್ಮ ಚಾಳಿನ ವರಾಂಡದಲ್ಲಿ ಗುರುಗಳಾದರು. ಕಣ್ಣು ಕಳ್ಳನಾದದ್ದು ಆಗಲೇ ಇರಬೇಕು. ನಾಲ್ಕು ಅಂದರೆ ಬೆನ್ನಿಗೆ ನಾಲ್ಕು ತಟ್ಟು. ಎಂಟು ಅಂದರೆ ತಂಬಿಗೆಗೆ ಬೀಳುವ ಎಂಟು ಗೋಲಿಗಳ ಸದ್ದು. ತಾಯಂದಿರಿಗೆ ಅವರ ಮೇಲೆ ಅಪಾರ ಭಕ್ತಿ. ಮಕ್ಕಳು ಎರಡು ಗಂಟೆ ಮನೆಯಲ್ಲಿರುವುದಿಲ್ಲ ಎಂಬುದೇ ಅದರ ಕಾರಣವೆಂದು ಈಗ ಅನಿಸುತ್ತದೆ.

ಅಪ್ಪ ನನ್ನನ್ನು ಕನ್ನಡ ಶಾಲೆಗೆ ಸೇರಿಸಲು ಒಯ್ದ ದಿನ ಹೆಡ್‌ಮಾಸ್ತರರು ಮೇಜಿನ ಮೇಲೆ ಐದು ಸೀಮೆಸುಣ್ಣದ ತುಂಡು ಇಟ್ಟರು. ನಾನು ಕಣ್ಣು ಮುಚ್ಚಿ, ಬೆರಳಾಡಿಸಿ, ಗಟ್ಟಿಯಾಗಿ ಎಣಿಸಿದೆ: “ಲಾಭ, ಎರಡು, ಮೂರು...”

ಅಕ್ಕಿ ಅಳೆಯುವವರು ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಹೆಡ್‌ಮಾಸ್ತರರಿಗೆ ಅದು ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. “ಮಗಳನ್ನು ದಿನಸಿ ಅಂಗಡಿಗೆ ಸೇರಿಸಿ ರಾಯರೇ” ಅಂದರು. ಅಪ್ಪ ಬೇಡಿಕೊಂಡ ಮೇಲೆ, ಇವಳಿಗೆ ಎಣಿಕೆ ಕಲಿಸಿದ ಗುರುಗಳನ್ನೂ ನಾಳೆ ಕರೆತನ್ನಿ ಎಂದರು.

ಮರುದಿನ ಮಾಸ್ಟ್ರು ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದರು. ಮೊದಲು ನೀವೇ ಎಣಿಸಿ, ಸರಿಯಾದರೆ ಹುಡುಗಿಗೆ ಸೀಟು, ಎಂದರು ಹೆಡ್‌ಮಾಸ್ತರರು. ಮಾಸ್ಟ್ರು ತುಂಡುಗಳನ್ನು ಸವರಿದರು, ಮತ್ತೆ ಸವರಿದರು.

“ಒಂದು ಅಂತ ಮೊದಲನೆಯದನ್ನೇ ಒಂಟಿ ಮಾಡಿದರೆ ಕಣಜ ತುಂಬೀತಾ ಮಾರಾಯ್ರೇ?”

ಹೆಡ್‌ಮಾಸ್ತರರು ಗಡಿಯಾರ ನೋಡಿದರು. ಮಾಸ್ಟ್ರು ನನ್ನ ತಲೆ ಮುಟ್ಟಿ, “ಒಂದು” ಅಂದರು. ತಲೆ ಮುಟ್ಟಿದ್ದು ನಾನು ಆಮೇಲೆ ಸೇರಿಸಿಕೊಂಡ ಕಲ್ಪನೆಯಿರಬಹುದು. ಅಂದದ್ದಂತೂ ನಿಜ, ಸೀಟು ಸಿಕ್ಕಿತಲ್ಲ.

ಸುದ್ದಿ ಚಾಳಿಗೆ ಬಂತು. ತಂದವಳು ನಾನೇ. ಮಕ್ಕಳೆಲ್ಲ ಅವರನ್ನು ‘ಲಾಭ ಮಾಸ್ಟ್ರು’ ಅನ್ನತೊಡಗಿದರು. ತಾಯಂದಿರ ಭಕ್ತಿ ಇಳಿಯಿತು. ವರಾಂಡ ಬರಿದಾಗುತ್ತ ಬಂತು. ಗಣಿತದಲ್ಲಿ ಎಂ.ಎ. ಮಾಡಿದ ನಾನು ಆ ಇಳಿಕೆಯಲ್ಲಿ ನನ್ನ ಪಾಲೆಷ್ಟೆಂದು ಇಂದಿಗೂ ಲೆಕ್ಕ ಹಾಕಿಲ್ಲ.

ಅವರು ಚಾಪೆ ಸುತ್ತಿ ಊರಿಗೆ ಹೊರಡುವ ಹಿಂದಿನ ದಿನ, ಹೊಸ ಪಾಟಿಚೀಲ ಹೆಗಲಿಗೇರಿಸಿ ಮೆಟ್ಟಿಲಲ್ಲಿ ನಿಂತು ಕೇಳಿದೆ, ಬೇಕೆಂದೇ: “ಈಗ ಎಷ್ಟು ಮಕ್ಕಳು ಮಾಸ್ಟ್ರೇ?”

ಎದುರಿಗೆ ಕೆಳಮನೆಯ ಪುಟ್ಟಿಯೊಬ್ಬಳೇ ಕೂತಿದ್ದಳು, ಕಣ್ಣಿಗೆ ಬೈರಾಸು ಕಟ್ಟಿಕೊಂಡು. ಮಾಸ್ಟ್ರು ಕೈಚಾಚಿ, ತಡಕಿ, ಅವಳ ನೆತ್ತಿಯ ಮೇಲೆ ಬೆರಳಿಟ್ಟರು.

“ಲಾಭ” ಅಂದರು.