ಕಳೆಯಕ್ಕನ ಒಂಬತ್ತು ದಿನ

ನಮ್ಮ ಕಚೇರಿಯಲ್ಲಿ ಆಕೆಗೆ ಕಳೆಯಕ್ಕ ಎಂದು ಹೆಸರಿಟ್ಟವಳು ನಾನೇ. ಬಾಯಿ ತೆರೆದರೆ "ಮೊದಲು ಕಳೀರಿ" ಎನ್ನುತ್ತಿದ್ದಳು. ಉಪಗ್ರಹದ ಮೇಲಿರುವ ನಮ್ಮ ಉಪಕರಣ ಆಕಾಶದಿಂದ ಬರುವ ಗಾಮಾ ಕಿರಣಗಳನ್ನು ಹಿಡಿಯುತ್ತದೆ. ತೊಂದರೆಯೆಂದರೆ, ಅದರ ಮೈಯ ಲೋಹವೂ ಅಲ್ಲಿ ಒಂದಿಷ್ಟು ಕಿರಣ ಸೂಸುತ್ತದೆ. ಅದಕ್ಕೇ ದಿನಕ್ಕೊಮ್ಮೆ ಅದನ್ನು ಖಾಲಿ ಆಕಾಶದ ಕಡೆ ತಿರುಗಿಸಿ ಅಳೆದು, ಬಂದದ್ದನ್ನು ಅಂದಿನ ರೋಹಿತದ, ಅಂದರೆ ಯಾವ ಶಕ್ತಿಯ ಕಿರಣ ಎಷ್ಟು ಬಂತೆಂಬುದರ, ನಕ್ಷೆಯಿಂದ ಕಳೆಯಬೇಕು. ಹನ್ನೊಂದು ವರ್ಷದಿಂದ ಆಕೆಯ ಕೆಲಸ ಅದೇ.

"ಎಲ್ಲಾ ಕಳೆ, ಮುಖದ ಕಳೆ ಮಾತ್ರ ಕಳೀಬೇಡ ಕಣೇ" ಎಂದು ಗಂಡ ರೇಗಿಸುತ್ತಿದ್ದನಂತೆ. ಬಸ್ ಓಡಿಸುತ್ತಿದ್ದ ಆತ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ವಾರ ಕಳೆಯುವ ಮೊದಲೇ ಆಕೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಅಳಲಿಲ್ಲ. ಯಾರಾದರೂ ಸಮಾಧಾನ ಹೇಳಿದರೆ "ಹೂಂ" ಎನ್ನುತ್ತಿದ್ದಳು. ಊಟದ ಡಬ್ಬಿ ತೆರೆದು, ನೋಡಿ, ಮುಚ್ಚಿ, ಹಾಗೇ ಮನೆಗೆ ಒಯ್ಯುತ್ತಿದ್ದಳು. ಕಲ್ಲು ಮನಸ್ಸು ಎಂದು ಆಡಿಕೊಂಡವರಿದ್ದರು. ಅವರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಎರಡು ತಿಂಗಳ ನಂತರ, ಎಲ್ಲ ದಿನಗಳನ್ನೂ ಕೂಡಿಸಿದ ನಕ್ಷೆಯಲ್ಲಿ ಯಾರೂ ಕಂಡಿರದ ಗೆರೆಯೊಂದು ಎದ್ದು ನಿಂತಿತು. ಮುಖ್ಯಸ್ಥರು ಹಿಗ್ಗಿ ಹೀರೇಕಾಯಿಯಾದರು. ಪ್ರಬಂಧ ಸಂಜೆಯೊಳಗೆ ಹೋಗಬೇಕು. ಮೊದಲ ಹೆಸರು ಕಳೆಯಕ್ಕನದು. ಇಷ್ಟು ವರ್ಷದಲ್ಲಿ ಅದೇ ಮೊದಲ ಸಲ. ಆಕೆ ಪರೀಕ್ಷಿಸಿ ಸಹಿ ಹಾಕುವುದಷ್ಟೇ ಬಾಕಿ.

ಮಧ್ಯಾಹ್ನ ನನ್ನನ್ನು ಕರೆದಳು.

"ಇಲ್ನೋಡು. ಈ ಗೆರೆ ಇರೋದು ಒಂಬತ್ತೇ ದಿನ."

ದಿನಾಂಕಗಳನ್ನು ನೋಡಿದೆ. ಆ ದಿನಗಳಲ್ಲಿ ಸೂರ್ಯನಿಂದ ಕಣಗಳ ಬಿರುಗಾಳಿ ಬೀಸಿ ಉಪಕರಣದ ಮೈಯೇ ವಿಪರೀತ ಸೂಸುತ್ತಿತ್ತು. ಆಕೆ ಆಸ್ಪತ್ರೆಯ ಬೆಂಚಿನ ಮೇಲಿದ್ದಳು. ನಾನು ನೋಡಿಕೊಳ್ಳುತ್ತೇನೆ ಹೋಗಕ್ಕಾ ಎಂದು ದೊಡ್ಡದಾಗಿ ಹೇಳಿದ್ದ ನಾನು, ಹಿಂದಿನ ವಾರದ ಖಾಲಿ ಆಕಾಶದ ಅಳತೆಯನ್ನೇ ಒಂಬತ್ತೂ ದಿನ ಕಳೆದಿದ್ದೆ.

"ತಪ್ಪು ನಂದು ಅಕ್ಕಾ."

"ಇರ್ಲಿ ಬಿಡು."

ಆಯಾ ದಿನದ ಅಳತೆಯನ್ನು ಹುಡುಕಿ ಒಂದೊಂದಾಗಿ ಕಳೆಯುತ್ತ ಹೋದಳು. ಪ್ರತಿ ಸಲವೂ ಗೆರೆ ಗಿಡ್ಡವಾಯಿತು. ಒಂಬತ್ತನೆಯದಕ್ಕೆ ಏನೂ ಉಳಿಯಲಿಲ್ಲ. ಪ್ರಬಂಧ ಹೋಯಿತು, ಅದರ ಮೇಲಿನ ಮೊದಲ ಹೆಸರೂ ಹೋಯಿತು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಆಕೆಯ ಮುಖ ಮಾತ್ರ ಇದ್ದ ಹಾಗೇ ಇತ್ತು.

ಮುಖ್ಯಸ್ಥರು ಹಿಂದೆ ಬಂದು ನಿಂತು ಪರದೆ ನೋಡಿದರು. ಒಳ್ಳೆಯ ಮನುಷ್ಯ, ಪಾಪ.

"ಹೋಗ್ಲಿ ಬಿಡಮ್ಮ. ಒಂಬತ್ತು ದಿನ ತಾನೇ, ಕಳೀತಲ್ಲ."

"ಕಳೀಲಿಲ್ಲ ಸರ್" ಎಂದಳು ಕಳೆಯಕ್ಕ. ಆಮೇಲೆ ಕೀಲಿಮಣೆಯ ಮೇಲೆ ತಲೆಯಿಟ್ಟು ಅತ್ತಳು.